ಕಳ್ಳನ ಕಿವಿ

ಧಾರವಾಡದಲ್ಲಿ ಬಿಎಗೆ ನಾನು ಆರಿಸಿಕೊಂಡ ವಿಷಯಗಳಲ್ಲಿ ಅಪರಾಧಶಾಸ್ತ್ರವೂ ಒಂದು. ಸೋದರಮಾವ, "ನಮ್ಮ ಹುಡುಗ ಪಿಎಸ್‌ಐ ಆಗಾಂವ ಅದಾನ" ಎಂದು ಸಂತೆಯಲ್ಲೆಲ್ಲ ಸಾರಿಬಿಟ್ಟ. ನನಗಿದ್ದ ಆಸೆ ಇನ್ನೂ ಸಣ್ಣದು: ಮುಖ ನೋಡಿ ಕಳ್ಳನನ್ನು ಗುರುತಿಸುವುದು.

ಅದಕ್ಕೆ ಸರಿಯಾಗಿ ಲೊಂಬ್ರೋಸೊ ಸಿಕ್ಕ. ಹುಟ್ಟು ಅಪರಾಧಿಗೆ ದೊಡ್ಡ ದವಡೆ, ಚಾಚಿದ ಕಿವಿ, ಉದ್ದ ತೋಳು ಎಂದು 1876ರಲ್ಲೇ ಪುಸ್ತಕ ಬರೆದ ಇಟಲಿಯ ವೈದ್ಯ. ಅವತ್ತು ಸಂಜೆ ಹಾಸ್ಟೆಲಿನಲ್ಲಿ ದಾರ ಹಿಡಿದು ಒಬ್ಬರ ಕಿವಿ ಇನ್ನೊಬ್ಬರು ಅಳೆದೆವು. ಮೂಲೆ ರೂಮಿನವನ ಕಿವಿ ಕಪ್ಪಿನ ಹಿಡಿಯಂತಿದ್ದವು. ಅಲ್ಲಿಂದ ಯಾರ ಸಾಬೂನು ಕಳೆದರೂ ಮೊದಲು ತೆರೆಯುತ್ತಿದ್ದದ್ದು ಅವನ ಟ್ರಂಕು. ಆಮೇಲೆ ಗೋರಿಂಗ್‌ನ ಪಾಠ ಬಂತು. ಸುಮಾರು ಮೂರು ಸಾವಿರ ಇಂಗ್ಲಿಷ್ ಕೈದಿಗಳನ್ನು ಅಳೆದು ನೋಡಿ, ಅಪರಾಧಿಗೆಂದೇ ಬೇರೆ ದೇಹವಿಲ್ಲ ಎಂದು 1913ರಲ್ಲಿ ಬರೆದವನು. ಕಿವಿಯವನು ಈಗ ಬ್ಯಾಂಕಿನಲ್ಲಿ ಕ್ಯಾಷಿಯರ್.

ನಗು ನಿಂತದ್ದು 1871ರ ಕಾಯ್ದೆಯ ಪಾಠದಲ್ಲಿ. ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸರ್ಕಾರವೇ ಪಟ್ಟಿ ಮಾಡಿತ್ತು. ಅದು ತೊಲಗಿದ್ದು 1952ರಲ್ಲಿ. ಹುಬ್ಬಳ್ಳಿಯ ಸೆಟ್ಲಮೆಂಟ್ ಅಂಥವರನ್ನು ಕೂಡಿಹಾಕಿದ ಜಾಗ. ನಮ್ಮ ಬೆಂಚಿನಲ್ಲೇ ಅಲ್ಲಿಯವನೊಬ್ಬನಿದ್ದ. ಅವತ್ತು ಅವನು ಪೆನ್ನಿಗೆ ಕ್ಯಾಪು ಹಾಕಿ ಕೂತಿದ್ದ.

ಪ್ರಾಕ್ಟಿಕಲ್ ಮಾತ್ರ ಸುಖ. ಗಾಜಿನ ಮೇಲೆ ಕಪ್ಪು ಶಾಯಿಯನ್ನು ರೋಲರಿನಿಂದ ತೆಳ್ಳಗೆ ಹರಡಿ, ಹೆಬ್ಬೆರಳನ್ನು ಉಗುರಿನ ಈ ಅಂಚಿನಿಂದ ಆ ಅಂಚಿಗೆ ಒಂದೇ ಸಲ ಹೊರಳಿಸಬೇಕು. ಕೈ ನಡುಗಿದರೆ ಗೆರೆಯೆಲ್ಲ ಕಲಸಿಹೋಗುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿಕೊಂಡರೂ ಮೆಸ್ಸಿನ ರೊಟ್ಟಿಗೆ ಅದೇ ವಾಸನೆ. ಬೆರಳಚ್ಚಿನ ಪದ್ಧತಿಗೆ ಹೆನ್ರಿ ಸಾಹೇಬನ ಹೆಸರು. ಲೆಕ್ಕ ಹಾಕಿಕೊಟ್ಟವರು ಬಂಗಾಳದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಇಲ್ಲಿ ಕದ್ದವರು ಯಾರು ಎಂದು ಪರೀಕ್ಷೆಯಲ್ಲಿ ಕೇಳಲಿಲ್ಲ.

ಬಾಯಿಪಾಠ ಮಾಡಿದ ದಂಡಸಂಹಿತೆಯ ಸೆಕ್ಷನ್ನುಗಳೂ ಹೊಸ ಕಾನೂನು ಬಂದು 2024ರ ಜುಲೈ 1ಕ್ಕೆ ತೀರಿಕೊಂಡವು. ಕೊಲೆಯ 302 ಈಗ 103. ಅದು ಹೋಗಲಿ, ಸಂಕಟವೆಲ್ಲ 420ರದ್ದು. ಮೋಸಗಾರನಿಗೆ "ಲೇ ಮುನ್ನೂರಾ ಹದಿನೆಂಟು" ಎಂದು ಬೈದರೆ ಬಸ್ಸಿನ ನಂಬರು ಕೇಳಿದೆವೆಂದುಕೊಳ್ಳುತ್ತಾನೆ.

ನಾನು ಪಿಎಸ್‌ಐ ಆಗಲಿಲ್ಲ. ಮೊನ್ನೆ ಬಾಗಿಲ ಮುಂದಿನ ಹಾಲಿನ ಪಾಕೀಟು ಕಾಣೆಯಾದಾಗ ಅವ್ವ, "ಇದನ್ನ ಓದೀಯಲ್ಲ, ಯಾರು ಒಯ್ದಾರ ಹೇಳು" ಅಂದಳು. ಅಪರಾಧವನ್ನು ಮನುಷ್ಯ ತನ್ನ ಜೊತೆಯವರಿಂದ ಕಲಿಯುತ್ತಾನೆ ಎಂಬ ಸದರ್‌ಲ್ಯಾಂಡ್‌ನ ವಾದವನ್ನು ಸಮಾಧಾನದಿಂದ ಬಿಡಿಸಿ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡು, "ಹಂಗಾರ ಎದುರುಮನಿ ಹುಡುಗಂದ ಸಂಗಾತಿ ಚಲೋ ಇಲ್ಲ ನೋಡು" ಅಂದಳು.