ಮುಳುಗಿದ ಫ್ಲೋಟು

ಗುಬ್ಬಿಯ ತೋಟದ ತೆಂಗಿನಕಾಯಿ ಹೊರಲೆಂದು ಅಪ್ಪ ಕೊಂಡಿದ್ದ ಪೆಟ್ರೋಲ್ ಪಿಕಪ್ಪು ಇನ್ನೂ ನಮ್ಮಲ್ಲಿದೆ. ಅಪ್ಪ ಹೋದ ಮೇಲೂ ಅದನ್ನು ಗುಜರಿಗೆ ಹಾಕಲು ಅಮ್ಮ ಒಪ್ಪಲಿಲ್ಲ. ಕುಣಿಗಲ್ಲಿನ ತಂಗಿಯ ಮನೆಗೆ ಕಾಯಿ ಅದರಲ್ಲೇ ಹೋಗಬೇಕು.

ಕಳೆದ ಸಲ ಹೊರಡುವ ಮುಂಚೆ ತುಮಕೂರಿನಲ್ಲಿ ಕಾರ್ಬುರೇಟರನ್ನು ಪೂರ್ತಿ ಬಿಚ್ಚಿಸಿ ಹೊಸ ಕಿಟ್ ಹಾಕಿಸಿದೆ. ಮೆಕ್ಯಾನಿಕ್ಕು ನನ್ನ ಶಿಷ್ಯನೇ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೇ ನಪಾಸಾದವನು. "ಸಾರ್, ಕಿಟ್ಟಲ್ಲಿ ಗ್ಯಾಸ್ಕೆಟ್ಟು, ನೀಡಲ್ಲು ಬರ್ತವೆ. ಫ್ಲೋಟ್ ಬರಲ್ಲ. ಬೇರೆ ಹುಡುಕಿಸ್ಲಾ?" ಎಂದ.

"ಹಿತ್ತಾಳೆ ಕಣಯ್ಯ, ಅದೇನು ಸವೆಯುತ್ತಾ? ಹಳೇದೇ ಹಾಕು" ಎಂದೆ. ಬಿಎಸ್ಸಿ ಓದಿದ ಧಿಮಾಕು!

ಹೆಬ್ಬೂರಿನವರೆಗೆ ಚೆನ್ನಾಗಿ ಓಡಿತು. ಟೀ ಕುಡಿಯಲು ನಿಲ್ಲಿಸಿದರೆ ಕರಿಹೊಗೆ ಉಗುಳಿ, ಕೆಮ್ಮಿ, ಎಂಜಿನ್ ಆರಿಹೋಯಿತು. ಪೆಟ್ರೋಲಿನ ಘಾಟು. ಪ್ಲಗ್ ಬಿಚ್ಚಿದರೆ ಮಸಿ ಹಿಡಿದು ಒದ್ದೆಯಾಗಿತ್ತು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು. ಇಲ್ಲಿ ಪೆಟ್ರೋಲೇ ಉಕ್ಕುತ್ತಿತ್ತು. ಬಿಸಿಲಲ್ಲಿ ಅಮ್ಮ ಕೂತಿದ್ದಾಳೆ. ಫೋನಿನಲ್ಲಿ ಹುಡುಗನಿಗೆ ಬಾಯಿಗೆ ಬಂದಂತೆ ಬೈದೆ: "ಆಗಲೂ ಗಮನವಿರಲಿಲ್ಲ, ಈಗಲೂ ಇಲ್ಲ."

ಅವನು ಮರುಮಾತಾಡದೆ ಬೈಕಿನಲ್ಲಿ ಬಂದ. ಸ್ಕ್ರೂಗಳನ್ನು ತಿರುವುವ ಗೋಜಿಗೇ ಹೋಗಲಿಲ್ಲ. ಮುಚ್ಚಳ ಬಿಚ್ಚಿ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿದ. ಆಮೇಲೆ ನನ್ನ ಕಿವಿಗೆ ಹಿಡಿದ. ಒಳಗೆ ಗುಳುಗುಳು! ಪೆಟ್ರೋಲಿನಲ್ಲಿ ತೇಲಿ ನೀಡಲನ್ನು ಮುಚ್ಚಬೇಕಾದ ಡಬ್ಬಿಯೇ ಪೆಟ್ರೋಲ್ ಕುಡಿದು ಭಾರವಾಗಿತ್ತು. ನೀಡಲ್ ಮುಚ್ಚುವುದೆಲ್ಲಿಂದ ಬಂತು? ಆರ್ಕಿಮಿಡೀಸನನ್ನು ವರ್ಷವರ್ಷವೂ ಪಾಠ ಮಾಡಿದವನು ನಾನು, ಸುಮ್ಮನೆ ನಿಂತೆ.

ಅವನು ಟೀ ಅಂಗಡಿಯಿಂದ ಕುದಿಯುವ ನೀರು ತಂದು, ಒಲೆಯಿಂದ ದೂರ, ಬಯಲಿನಲ್ಲಿ ಫ್ಲೋಟನ್ನು ಅದರಲ್ಲಿ ಅದುಮಿ ಹಿಡಿದ. ಅಂಚಿನ ಒಂದೇ ಜಾಗದಿಂದ ಗುಳ್ಳೆಗಳ ಸಾಲು. ಬಿಸಿಯಿರುವಾಗಲೇ ಮೇಲೆತ್ತಿದ, ನೀರಿನಲ್ಲೇ ಆರಲು ಬಿಟ್ಟರೆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ಮೂರ್ನಾಲ್ಕು ಸಲ. "ಒಳಗಿಂದು ಪೂರ್ತಿ ಆವಿಯಾಗ್ಬೇಕು ಸಾರ್. ಹಂಗೇ ಬೆಸುಗೆಗೆ ಕಾಯಿಸಿದ್ರೆ ಸಿಡಿಯುತ್ತೆ." ಪಕ್ಕದ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಚೂರೇ ಚೂರು ಬೆಸುಗೆ ಹಾಕಿಸಿ, ಹೆಚ್ಚಾದದ್ದನ್ನು ಅರದಿಂದ ಉಜ್ಜಿದ. ತೂಕ ಹೆಚ್ಚಿದರೆ ಮತ್ತೆ ಮುಳುಗುತ್ತದಂತೆ.

ಗಾಡಿ ಹೊರಟಿತು. ನನ್ನ ಬಾಯಿಂದ ಬಂದದ್ದು "ಎಷ್ಟು ಕೊಡಲಯ್ಯ?" ಎಂದಷ್ಟೆ. ಅವನು ತೆಗೆದುಕೊಳ್ಳಲಿಲ್ಲ, ಅಮ್ಮ ಕೊಟ್ಟ ಹತ್ತು ಕಾಯಿ ಮಾತ್ರ ಬೈಕಿಗೆ ಕಟ್ಟಿಕೊಂಡ.

ಕುಣಿಗಲ್ ಕೆರೆ ಕಾಣುವವರೆಗೂ ಎಂಜಿನ್ ಕೆಮ್ಮಲಿಲ್ಲ, ಅಮ್ಮನೂ ಮಾತಾಡಲಿಲ್ಲ. ಆಮೇಲೆ "ಆ ಹುಡುಗನ್ನ ಯಾಕೋ ಹಂಗೆ ಬೈದೆ?" ಎಂದಳು.

ರಾತ್ರಿ ಅವನಿಗೆ ಫೋನ್ ಮಾಡಿದೆ. ತಪ್ಪಾಯ್ತು ಅನ್ನುವಷ್ಟರಲ್ಲಿ ಅವನೇ, "ಬಿಸಿ ಇದ್ದಾಗ ಸ್ಟಾರ್ಟ್ ಆಯ್ತಾ ಸಾರ್?" ಎಂದ.