ಆ ಊರಾಗ ಕಕ್ಕಸು ತೊಳೆಯೋರು ಯಾರು?

ನಮ್ಮೂರು ಕುಬಟೂರು. ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿಯ ಪಕ್ಕ. ಕೈಟಭೇಶ್ವರ ಗುಡಿಯ ಕಂಬಗಳನ್ನು ನೋಡಲು ದೂರದವರು ಬರುತ್ತಾರೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಕೇರಿಯ ಕಡೆ ಬರುವ ಕೆಲಸ ಅವರಿಗಿರುವುದಿಲ್ಲ. ಆ ಕೇರಿಯ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾವೇ ಮೊದಲು. ಸರ್ಟಿಫಿಕೇಟು ಹಿಡಿದು ಬೆಂಗಳೂರಿಗೆ ಹೋದೆವು. ಹಗಲು ಕಂಪ್ಯೂಟರಿನಲ್ಲಿ ಹೆಸರು, ವಿಳಾಸ, ನಂಬರು ತುಂಬುವ ಕೆಲಸ. ರಾತ್ರಿ ಕವಿತೆ. ಅಲ್ಲೇ ಒಂದು ಆಟ ಕಲಿತೆವು. ಈ ಬರಹ ಆ ಆಟದ ಬಗ್ಗೆ. ಕೂಲಿ, ಭೂಮಿ, ಹಾಸ್ಟೆಲ್ಲು ಇಷ್ಟೆಲ್ಲ ಬರೆಯುವುದಿರುವಾಗ ಆಟದ ಬಗ್ಗೆ ಏನು ಬರೆಯುತ್ತೀರಿ ಎಂದು ಗೆಳೆಯರು ಬೈಯಬಹುದು. ಬೈಯುವ ಮೊದಲು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇವೆ.

ಇದು ಇಸ್ಪೀಟಲ್ಲ, ಚೌಕಾಬಾರವೂ ಅಲ್ಲ. ಮಣೆಯಿಲ್ಲ, ಕಾಯಿಯಿಲ್ಲ. ಮೇಜಿನ ಸುತ್ತ ಐದಾರು ಮಂದಿ ಕೂರಬೇಕು. ಒಬ್ಬರು ಬಯಲಾಟದ ಮೇಷ್ಟ್ರ ಹಾಗೆ ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಬಣ್ಣವಿಲ್ಲ, ಕಿರೀಟವಿಲ್ಲ, ಒಂದು ಹಾಳೆ, ಒಂದು ಪೆನ್ಸಿಲು, ಹತ್ತು ಮುಖದ ದಾಳ. ನೀವು ಮಾಡಹೊರಟ ಕೆಲಸ ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ. ಆಟದ ಹೆಸರು ಸೈಬರ್‌ಪಂಕ್. ಬರೆದವರು ಮೈಕ್ ಪಾಂಡ್‌ಸ್ಮಿತ್, ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದವರು. ಮೊದಲ ಪುಸ್ತಕ ಬಂದದ್ದು 1988ರಲ್ಲಿ. ಅದರ ಕಥೆ ನಡೆಯುವುದು 2013ರಲ್ಲಿ. ಎರಡನೆಯದು 1990ರಲ್ಲಿ ಬಂತು; ಅದರ ಕಥೆ 2020ರದ್ದು. ನಾವು ಆಡಿದ್ದು ಈ ಎರಡನೆಯದನ್ನು. ಊರು ಕ್ಯಾಲಿಫೋರ್ನಿಯಾದ ಕಡಲದಂಡೆಯ ನೈಟ್ ಸಿಟಿ ಎಂಬ ಕಲ್ಪಿತ ನಗರ. ಅಲ್ಲಿ ಸರ್ಕಾರ ಹೆಸರಿಗೆ ಮಾತ್ರ, ಆಳುವುದೆಲ್ಲ ಕಂಪನಿಗಳು. ದುಡ್ಡಿದ್ದರೆ ಕೈ ಕತ್ತರಿಸಿ ಉಕ್ಕಿನ ಕೈ ಹಾಕಿಸಿಕೊಳ್ಳಬಹುದು, ಕತ್ತಲಲ್ಲಿ ಕಾಣುವ ಕಣ್ಣು ಕೂರಿಸಿಕೊಳ್ಳಬಹುದು. ಮಿದುಳಿಗೆ ವೈರು ಸಿಕ್ಕಿಸಿಕೊಂಡು ಕಂಪ್ಯೂಟರುಗಳ ಜಾಲದೊಳಕ್ಕೇ ನುಗ್ಗಿ ಕಂಪನಿಯ ಕಡತ ಕದಿಯುವವರಿದ್ದಾರೆ. ಅವರಿಗೆ ನೆಟ್‌ರನ್ನರ್ ಎಂದು ಹೆಸರು. ಒಬ್ಬ ಅನುಭವಿಸಿದ್ದನ್ನು ಹಾಡಿನಂತೆ ಮುದ್ರಿಸಿಟ್ಟು ಇನ್ನೊಬ್ಬ ತನ್ನ ತಲೆಯೊಳಗೆ ಅನುಭವಿಸುವ ಯಂತ್ರವೂ ಇದೆ. ಇಷ್ಟೆಲ್ಲ ಊಹಿಸಿದ ಪುಸ್ತಕ 2020ರಲ್ಲೂ ಜನ ಬೀದಿಯ ಪೆಟ್ಟಿಗೆಯಿಂದ ಫ್ಯಾಕ್ಸಿನಲ್ಲಿ ಪತ್ರಿಕೆ ತೆಗೆದು ಓದುತ್ತಾರೆ ಎಂದುಕೊಂಡಿತ್ತು. ನಾವು ನಕ್ಕೆವು. ಉಕ್ಕಿನ ಕೈ ಕಂಡವರಿಗೆ ಕಾಗದವಿಲ್ಲದ ಪತ್ರಿಕೆ ಕಾಣಲಿಲ್ಲ.

ಪಾತ್ರ ಕಟ್ಟುವಾಗ ದಾಳ ಉರುಳಿಸಿ ಹುಟ್ಟನ್ನೂ ತಿಳಿಯಬೇಕು. ಕಂಪನಿಯ ದೊಡ್ಡ ಅಧಿಕಾರಿಯ ಮನೆಯೋ, ಅಲೆಮಾರಿಗಳ ಗುಂಪೋ, ಬೀದಿಯಲ್ಲೇ ಮಲಗುವವರ ಸಂಸಾರವೋ, ಎಲ್ಲ ಒಂದರಿಂದ ಹತ್ತರ ಒಂದು ಅಂಕಿ. ಆ ಮನೆಯ ಗೆಳೆಯರಿಗೆ ಮನೆಮಠವಿಲ್ಲದ ಹುಟ್ಟು ಬಂತು. ಅವರು ಚಪ್ಪಾಳೆ ತಟ್ಟಿ, ಇದು ಮಜಾ ಇದೆ ಅಂದರು. ನಮಗೆ ಒಂದು ಬಿತ್ತು, ಕಂಪನಿ ಅಧಿಕಾರಿಯ ಮಗ. ಹಿಂದಿನ ವಾರ ಅದೇ ಮನೆಯಲ್ಲಿ ಒಬ್ಬರು ನಮ್ಮನ್ನು ಕೇಳಿದ್ದರು: "ನಿಮ್ಮ ಪೂರ್ತಿ ಹೆಸರೇನು? ಸೊರಬದ ಕಡೆ ಅಂದರೆ ಯಾರ ಪೈಕಿ?" ದಾಳಕ್ಕೆ ಆ ಪ್ರಶ್ನೆ ಗೊತ್ತಿಲ್ಲ. ಒಂದು ಶನಿವಾರದ ಮಧ್ಯಾಹ್ನ ಪೂರ್ತಿ ನಾವು ದೊಡ್ಡವರ ಮಗನಾಗಿ ಮಾತಾಡಿದೆವು, ಹುಕುಂ ಮಾಡಿದೆವು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿತ್ತು.

ಆ ಮೇಜಿಗೆ ಒಂದು ನಿಯಮವಿತ್ತು. ಆಟ ಮುಗಿಯುವವರೆಗೆ ಎಲ್ಲರ ಫೋನೂ ಬುಟ್ಟಿಯಲ್ಲಿರಬೇಕು. ಸಂಜೆ ಬುಟ್ಟಿಯಿಂದ ತೆಗೆದು ನೋಡಿದರೆ ಊರಿನಿಂದ ಹನ್ನೆರಡು ಸಲ ಫೋನು ಬಂದಿತ್ತು. ಜೊತೆಗೆ ಮೂರು ಒಟಿಪಿ.

ಆಗಿದ್ದಿಷ್ಟು. ಅವ್ವ ಕೂಲಿ ಬಿಟ್ಟು ರೇಷನ್ ಅಂಗಡಿ ಮುಂದೆ ಪಾಳಿ ನಿಂತಿದ್ದಳು. ಯಂತ್ರಕ್ಕೆ ಹೆಬ್ಬೆಟ್ಟು ಕೊಟ್ಟಳು. ತಾಳೆಯಾಗಲಿಲ್ಲ. ಎಡಗೈ ಕೊಟ್ಟಳು, ತಲೆಗೆ ಒರೆಸಿಕೊಂಡು ಕೊಟ್ಟಳು, ನೀರಲ್ಲಿ ತೊಳೆದು ಕೊಟ್ಟಳು. ಮೂವತ್ತು ವರ್ಷ ಸಸಿ ಕಿತ್ತು, ನಾಟಿ ಮಾಡಿ, ಶುಂಠಿ ಕಿತ್ತ ಬೆರಳು. ಅದರಲ್ಲಿ ಗೆರೆ ಎಲ್ಲಿ ಉಳಿದಾವು? ಬೇರೆ ದಾರಿ ಇತ್ತು, ಮೊಬೈಲಿಗೆ ಬರುವ ನಂಬರು ಹೇಳಬೇಕು. ಮೊಬೈಲು ನಮ್ಮ ಹತ್ತಿರ. ನಾವು ನೈಟ್ ಸಿಟಿಯಲ್ಲಿ. ಅವ್ವ ಖಾಲಿ ಚೀಲ ಮಡಚಿಕೊಂಡು ಮನೆಗೆ ಹೋದಳು. ರಾತ್ರಿ ಫೋನಿನಲ್ಲಿ ಬೈಯಲಿಲ್ಲ. "ಏನೋ ಕೆಲಸದಾಗ ಇದ್ದೀ ಅನ್ಕಂಡೆ ಮಗಾ" ಅಂದಳು. ಆಟ ಆಡುತ್ತಿದ್ದೆವು ಎಂದು ಹೇಳಲು ನಾಲಿಗೆ ಏಳಲಿಲ್ಲ.

ಅವ್ವನ ಹೆಬ್ಬೆಟ್ಟಿಗೆ ಒಂದು ಚರಿತ್ರೆ ಇದೆ. ಈ ಆಟದ ಮೊದಲ ಪುಸ್ತಕ ಬಂದ 1988ರಲ್ಲೇ ನಮ್ಮ ದೇಶದಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯಿತು. ಅದರ ಬೆನ್ನಿಗೆ ಊರೂರಲ್ಲಿ ನಡೆದ ರಾತ್ರಿ ಶಾಲೆಗಳಲ್ಲಿ ಅವ್ವ ಲಾಟೀನಿನ ಮುಂದೆ ಕೂತು ತನ್ನ ಹೆಸರು ಬರೆಯಲು ಕಲಿತಳು. ಆಮೇಲೆ ಎಲ್ಲೂ ಹೆಬ್ಬೆಟ್ಟು ಒತ್ತಲಿಲ್ಲ. ಯಾರಾದರೂ ಶಾಯಿಯ ಪ್ಯಾಡು ಮುಂದೆ ತಳ್ಳಿದರೆ, "ಸೈ ಮಾಡ್ತೀನ್ರೀ, ಪೆನ್ನು ಕೊಡ್ರಿ" ಅನ್ನುತ್ತಿದ್ದಳು. 2010ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ತೆಂಭ್ಲಿಯಲ್ಲಿ ಮೊದಲ ಆಧಾರ್ ಸಂಖ್ಯೆ ಕೊಟ್ಟರು. ಅದು ನಮ್ಮೂರಿಗೂ ಬಂತು. ಸಹಿ ಕಲಿತವಳನ್ನು ಯಂತ್ರ ಮತ್ತೆ ಹೆಬ್ಬೆಟ್ಟು ಕೇಳಿತು. ಕೊಟ್ಟರೆ, ಇದು ನಿನ್ನದಲ್ಲ ಅಂದಿತು. ನಾವು ಓದಿದ ಭವಿಷ್ಯದ ಪುಸ್ತಕದಲ್ಲಿ ಈ ಯಂತ್ರ ಇರಲಿಲ್ಲ.

ಮುಂದಿನ ಯುಗಾದಿಗೆ ಊರಿಗೆ ಹೋದಾಗ ಆ ಪುಸ್ತಕವನ್ನೂ ದಾಳವನ್ನೂ ಒಯ್ದೆವು. ತಪ್ಪು ಒಪ್ಪಿಕೊಳ್ಳಬೇಕಿತ್ತು. ತಂಗಿ, ಚಿಕ್ಕಪ್ಪನ ಇಬ್ಬರು ಮಕ್ಕಳು, ಪಕ್ಕದ ಮನೆಯ ಹುಡುಗ ಜಗಲಿಯ ಮೇಲೆ ಚಾಪೆ ಹಾಕಿ ಕೂತರು. ಅವ್ವ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ಪುಸ್ತಕದಲ್ಲಿ ಹತ್ತು ಪಾತ್ರಗಳಿವೆ. ಹಾಡುಗಾರ, ಬಾಡಿಗೆ ಸಿಪಾಯಿ, ನೆಟ್‌ರನ್ನರ್, ಯಂತ್ರ ರಿಪೇರಿಯವ, ವೈದ್ಯ, ಪತ್ರಕರ್ತ, ಪೊಲೀಸ್, ಕಂಪನಿಯವ, ದಲ್ಲಾಳಿ, ಅಲೆಮಾರಿ. ಒಂದೊಂದಾಗಿ ಓದಿ ಹೇಳಿದೆವು. ಅವ್ವ ಮೊರ ಕೆಳಗಿಟ್ಟಳು.

"ಆ ಊರಾಗ ಕಕ್ಕಸು ತೊಳೆಯೋರು ಯಾರು?"

ನಾವು ಪುಸ್ತಕ ತಿರುವಿದೆವು. ಅಷ್ಟು ದೊಡ್ಡ ನಗರ, ಗಗನ ಮುಟ್ಟುವ ಕಟ್ಟಡಗಳು. ಹತ್ತು ಪಾತ್ರಗಳಲ್ಲಿ ತೊಳೆಯುವವರು ಇಲ್ಲ. ಎಲ್ಲವನ್ನೂ ಯಂತ್ರವೇ ತೊಳೆಯುತ್ತಿರಬೇಕು ಎಂದು ಚಿಕ್ಕಪ್ಪನ ಮಗ ಅಂದ. "ಯಂತ್ರ ತೊಳೆಯೋರು ಯಾರು?" ಅಂದಳು ಅವ್ವ.

ಆಮೇಲೆ ನಾವು ಲೆಕ್ಕ ಹಾಕಿದೆವು. ಮೊದಲ ಪುಸ್ತಕದ ಕಥೆ ನಡೆಯುವ 2013ರಲ್ಲಿ ನಮ್ಮ ಪಾರ್ಲಿಮೆಂಟು ಮನುಷ್ಯರಿಂದ ಮಲ ಎತ್ತಿಸುವುದನ್ನು, ರಕ್ಷಣೆಯಿಲ್ಲದೆ ಗುಂಡಿಗಿಳಿಸುವುದನ್ನು ನಿಷೇಧಿಸುವ ಕಾಯಿದೆ ಮಾಡಿತು. 1993ರಲ್ಲಿ ಒಂದು ಕಾಯಿದೆ ಆಗಿತ್ತು. ಕರ್ನಾಟಕದಲ್ಲಿ ಅದಕ್ಕೂ ಮುಂಚೆ, 1970ರ ದಶಕದಲ್ಲೇ, ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದಕ್ಕೆ ನಿಷೇಧ ಬಂದಿತ್ತು. ಇಷ್ಟಾದ ಮೇಲೂ 2010ರ ಜುಲೈನಲ್ಲಿ ಸವಣೂರಿನಲ್ಲಿ, ನಮ್ಮಿಂದ ಹಾನಗಲ್ಲು ದಾಟಿದರೆ ಸಿಗುವ ಊರಿನಲ್ಲಿ, ಮಲ ಹೊರುವ ಕುಟುಂಬದವರು ತಮ್ಮನ್ನು ಇದ್ದ ಜಾಗದಿಂದ ಎಬ್ಬಿಸಬಾರದೆಂದು ಎಲ್ಲರೆದುರು ಮೈಮೇಲೆ ಮಲ ಸುರಿದುಕೊಂಡರು. ಗುಂಡಿಗಿಳಿದು ಶುಚಿ ಮಾಡುವ ಬ್ಯಾಂಡಿಕೂಟ್ ಎಂಬ ಯಂತ್ರ ಕೇರಳದ ತಿರುವನಂತಪುರದಲ್ಲಿ ಕೆಲಸಕ್ಕೆ ಇಳಿದದ್ದು 2018ರಲ್ಲಿ. ಎರಡನೆಯ ಪುಸ್ತಕದ 2020ರಲ್ಲಿ ಚಂಡೀಗಢದಲ್ಲಿ ಕಸ ಗುಡಿಸುವವರ ಕೈಗೆ ಗಡಿಯಾರ ಕಟ್ಟಿದರು. ಅವರು ಎಲ್ಲಿ ಹೋದರು, ಎಲ್ಲಿ ಕೂತರು ಎಂದು ಅದು ಉಪಗ್ರಹದ ಮೂಲಕ ಮೇಲಿನವರಿಗೆ ಹೇಳುತ್ತಿತ್ತು. ಪುಸ್ತಕದ ಜನ ಆಸೆಪಟ್ಟು ಮೈಗೆ ಯಂತ್ರ ಹಾಕಿಸಿಕೊಳ್ಳುತ್ತಾರೆ. ನಮ್ಮವರ ಮೈಗೆ ಅದು ಹುಕುಂ ಆಗಿ ಬಂತು.

ಪುಸ್ತಕದಲ್ಲಿ ಪ್ರತಿ ಅಂಗಕ್ಕೂ ಬೆಲೆಪಟ್ಟಿ ಇದೆ. ನಮ್ಮಲ್ಲೂ ಒಂದು ಬೆಲೆ ಇದೆ. 1993ರಿಂದೀಚೆಗೆ ಚರಂಡಿ ಗುಂಡಿಯಲ್ಲಿ ಸತ್ತವರ ಮನೆಯವರಿಗೆ ತಲಾ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕೋರ್ಟು ನ್ಯಾಯವನ್ನೇ ಹೇಳಿದೆ. ಆದರೆ ಸಾವು ನಿಂತಿದ್ದರೆ ಮೊತ್ತ ಏರಿಸುವ ಪ್ರಮೇಯ ಬರುತ್ತಿರಲಿಲ್ಲ.

ಜಗಲಿಯಲ್ಲಿ ತಂಗಿ ಹನ್ನೊಂದನೆಯ ಪಾತ್ರ ಬರೆದಳು. ಗುಂಡಿಗಿಳಿಯುವವ. ಅವನ ಹಾಳೆ ತುಂಬುವಾಗ ಜಗಳ ಹತ್ತಿತು. ಈ ಆಟದಲ್ಲಿ ಪ್ರತಿ ಪಾತ್ರಕ್ಕೂ ಅನುಕಂಪಕ್ಕೆ ಒಂದು ಅಂಕಿ ಇರುತ್ತದೆ. ಅದನ್ನು ಹತ್ತರಿಂದ ಗುಣಿಸಿದರೆ ಅವನ ಮನುಷ್ಯತ್ವ. ಅನುಕಂಪ ಆರಿದ್ದರೆ ಮನುಷ್ಯತ್ವ ಅರವತ್ತು. ಮೈಗೆ ಯಂತ್ರ ಹಾಕಿಸಿಕೊಂಡ ಹಾಗೆಲ್ಲ ದಾಳ ಉರುಳಿಸಿ ಅದರಿಂದ ಕಳೆಯಬೇಕು. ಹತ್ತು ಕಳೆದರೆ ಅನುಕಂಪ ಒಂದು ಇಳಿಯುತ್ತದೆ. ಪೂರ್ತಿ ಸೊನ್ನೆಯಾದರೆ ಅವನು ಹುಚ್ಚನಾಗುತ್ತಾನೆ, ಪಾತ್ರ ನಿಮ್ಮ ಕೈತಪ್ಪಿ ಕಥೆ ನಡೆಸುವವರ ಕೈಗೆ ಹೋಗುತ್ತದೆ. ಹಾಗಾದರೆ ಗುಂಡಿಗಿಳಿಯುವವನಿಗೆ ಎಷ್ಟು? ಅವನ ಮೈಯಲ್ಲಿ ಯಂತ್ರದ ಒಂದು ಮೊಳೆಯೂ ಇಲ್ಲ. ಆದರೂ ಅವನನ್ನು ಯಾರು ಮನುಷ್ಯ ಅಂದುಕೊಂಡಿದ್ದಾರೆ? ಪ್ರತಿ ಸಲ ಇಳಿದಾಗಲೂ ಹತ್ತು ಕಳೆಯಬೇಕು ಎಂದು ನಾವು ಅಂದೆವು. ಡಿಗ್ರಿ ಓದಿದ ತಲೆ ನಮ್ಮದು. ತಂಗಿ ಪೆನ್ಸಿಲು ಎತ್ತಿ ಹಿಡಿದಳು.

"ಅವನದ್ಯಾಕೆ ಕಳೀತೀ ಅಣ್ಣಾ? ಇಳಿಸಿದೋನ ಹಾಳೆಯಾಗ ಕಳಿ."

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಷ್ಟು ವರ್ಷ ನಾವು ಬರೆದ ಕವಿತೆಗಳಲ್ಲಿ ಮನುಷ್ಯತ್ವ ಕಳೆದುಕೊಂಡವರು ನಾವೇ ಆಗಿದ್ದೆವು. ಲೆಕ್ಕವನ್ನೇ ತಪ್ಪು ಹಾಳೆಯಲ್ಲಿ ಬರೆದಿದ್ದೆವು.

ಆ ಸಂಜೆ ಹಾಗೇ ಆಡಿದೆವು. ಕಂಪನಿಯವನ ಪಾತ್ರ ನಮ್ಮದು. ಒಬ್ಬನನ್ನು ಗುಂಡಿಗಿಳಿಸಿದಾಗೊಮ್ಮೆ ದಾಳ ಉರುಳಿಸಿ ನಮ್ಮ ಅರವತ್ತರಲ್ಲಿ ಕಳೆದರು. ದೀಪ ಹಚ್ಚುವ ಹೊತ್ತಿಗೆ ಸೊನ್ನೆಯಾಯಿತು. ನಿಯಮದ ಪ್ರಕಾರ ನಮ್ಮ ಹಾಳೆ ಕಿತ್ತುಕೊಂಡರು. ಮಕ್ಕಳು ಕೇಕೆ ಹಾಕಿದವು, ಅವ್ವನೂ ನಕ್ಕಳು.

ನೆಟ್‌ರನ್ನರ್ ಅಂದರೆ ಯಾರು ಎಂದು ಅವ್ವನಿಗೆ ತಿಳಿಸಲು ನಾವು ಒದ್ದಾಡುತ್ತಿದ್ದೆವು. ಅವಳೇ ದಾರಿ ತೋರಿಸಿದಳು. ನಮ್ಮ ಕುಬಟೂರೇ ಚಂದ್ರಹಾಸನ ಕುಂತಳನಗರ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಂತ್ರಿ ದುಷ್ಟಬುದ್ಧಿ ಚಂದ್ರಹಾಸನ ಕೈಯಲ್ಲೇ ಒಂದು ಓಲೆ ಕೊಟ್ಟು ಕಳಿಸುತ್ತಾನೆ, ಇದನ್ನು ತಂದವನಿಗೆ ವಿಷ ಕೊಡು ಎಂದು. ಹುಡುಗ ಅದನ್ನು ಓದದೆ ಹೊತ್ತು ತರುತ್ತಾನೆ, ತೋಟದಲ್ಲಿ ಮಲಗುತ್ತಾನೆ. ಮಂತ್ರಿಯ ಮಗಳು ವಿಷಯೆ ಓಲೆ ಬಿಚ್ಚಿ, ಕಣ್ಣಿನ ಕಾಡಿಗೆಯಿಂದ ಅಕ್ಷರ ತಿದ್ದಿ, ವಿಷ ಎಂದಿದ್ದಲ್ಲಿ ವಿಷಯೆ ಎಂದು ಮಾಡುತ್ತಾಳೆ. "ಆ ಹುಡುಗಿ ಹಂಗಾ?" ಅಂದಳು ಅವ್ವ. ಹೌದವ್ವ, ಹಂಗೇ. ರೇಷನ್ ಅಂಗಡಿಯ ಯಂತ್ರವೂ ಅಂಥದೊಂದು ಓಲೆ. ಅದರೊಳಗೆ ನಮ್ಮ ಬಗ್ಗೆ ಏನು ಬರೆದಿದೆ ಎಂದು ನಾವು ಓದಲಾರೆವು, ಹೊತ್ತುಕೊಂಡು ಪಾಳಿ ನಿಲ್ಲುತ್ತೇವೆ.

ಊಹಿಸಿ ಬರೆದ ಪುಸ್ತಕಕ್ಕೂ ಆಳುವವರು ಹೆದರಿದ್ದುಂಟು. 1990ರ ಮಾರ್ಚ್ 1ರಂದು ಅಮೆರಿಕದ ಟೆಕ್ಸಾಸ್‌ನಲ್ಲಿ ಇದೇ ಬಗೆಯ ಇನ್ನೊಂದು ಆಟದ ಪುಸ್ತಕ ತರುತ್ತಿದ್ದ ಸ್ಟೀವ್ ಜಾಕ್ಸನ್ ಗೇಮ್ಸ್ ಎಂಬ ಸಣ್ಣ ಪ್ರಕಾಶನದ ಮೇಲೆ ಸೀಕ್ರೆಟ್ ಸರ್ವಿಸಿನವರು ದಾಳಿ ಮಾಡಿ ಕಂಪ್ಯೂಟರುಗಳನ್ನೂ ಹಸ್ತಪ್ರತಿಯನ್ನೂ ಎತ್ತಿಕೊಂಡು ಹೋದರು. ಅದು ಕಂಪ್ಯೂಟರ್ ಅಪರಾಧದ ಕೈಪಿಡಿ ಎಂಬ ಮಾತು ಅವರದು. 1993ರಲ್ಲಿ ಕೋರ್ಟು ಪ್ರಕಾಶಕರ ಪರ ತೀರ್ಪು ಕೊಟ್ಟಿತು. ಆಟವೆಂದರೆ ಬರೀ ಆಟ ಅನ್ನುವ ಗೆಳೆಯರು ಇದನ್ನು ನೆನಪಿಡಬೇಕು. ನಾಳೆ ಹೇಗಿರುತ್ತದೆ ಎಂದು ಯಾರೋ ಎಲ್ಲೋ ಕೂತು ಬರೆಯುತ್ತಿದ್ದಾರೆ. ಯಂತ್ರ ಮಾಡುವವರು ಅದನ್ನು ಓದುತ್ತಾರೆ. ಆ ಮೇಜಿನಲ್ಲಿ ಗುಂಡಿಗಿಳಿಯುವವನ ಮಗಳು ಇಲ್ಲದಿದ್ದರೆ ಅವನ ಪಾತ್ರವೂ ಇರುವುದಿಲ್ಲ, ಸವೆದ ಬೆರಳಿಗೆ ಯಂತ್ರವೂ ಹುಟ್ಟುವುದಿಲ್ಲ. ಶಾಲೆಯ ಮೇಷ್ಟ್ರುಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ಒಂದು ಪೀರಿಯಡ್ಡು ಬಿಟ್ಟುಕೊಡಿ, ಮಕ್ಕಳು ಹನ್ನೊಂದನೆಯ ಪಾತ್ರ ಬರೆಯಲಿ.

ಹೊರಡುವ ಹಿಂದಿನ ರಾತ್ರಿ ಫೋನಿನ ವಿಷಯ ಹೇಳಿಬಿಟ್ಟೆವು. ಆ ದಿನ ಕೆಲಸವಿರಲಿಲ್ಲ ಅವ್ವ, ಇದೇ ಆಟ ಆಡುತ್ತಿದ್ದೆವು ಎಂದು. ಅವಳು ಸುಮ್ಮನಿದ್ದಳು. ಆಮೇಲೆ, "ನಂಗೂ ಒಂದು ಹಾಳೆ ಕೊಡು" ಅಂದಳು. ಪಾತ್ರ ಯಾವುದು ಎಂದು ಕೇಳಿದೆವು. ಆಮೇಲೆ ಹೇಳ್ತೀನಿ ಅಂದು, ಪೆನ್ಸಿಲು ತಗೊಂಡು, ಹಾಳೆಯ ತಲೆಯಲ್ಲಿ ಆಟಗಾರರ ಹೆಸರು ಎಂದಿರುವ ಕಡೆ ಬಾಗಿ ನಿಧಾನವಾಗಿ ಸಹಿ ಹಾಕಿದಳು.