ನೀನು ನೋಡಿದ ದಿನ ಯಾರಿದ್ದರು?

ಸಂಗೀತ ನಾಟಕದ ಹುಚ್ಚು ಹತ್ತಿಸಿಕೊಂಡವರ ಮಾತು ಹೇಗಿರುತ್ತೆ ಅಂತ ತಿಳೀಬೇಕಾದ್ರೆ ಅವರ ಜೊತೆ ಒಂದು ವಾರ ಊಟಕ್ಕೆ ಕೂರಬೇಕು. "ನಾಟಕ ಚೆನ್ನಾಗಿತ್ತಾ?" ಅಂತ ಅವರು ಕೇಳುವುದೇ ಇಲ್ಲ. ಅದು ಅವರಿಗೆ ಆಗಲೇ ಗೊತ್ತು. ಕಥೆ ಗೊತ್ತು, ಹಾಡು ಗೊತ್ತು, ಎರಡನೇ ಅಂಕದಲ್ಲಿ ದೀಪ ಯಾವಾಗ ನೀಲಿಯಾಗುತ್ತೆ ಅನ್ನೋದೂ ಗೊತ್ತು. ಅವರು ಕೇಳುವ ಮೊದಲ ಪ್ರಶ್ನೆ ಒಂದೇ: "ನೀನು ನೋಡಿದ ದಿನ ಯಾರಿದ್ದರು?"

ಪ್ರಾಜೆಕ್ಟ್ ನೆಪದಲ್ಲಿ ನಾನು ನ್ಯೂಜೆರ್ಸಿಯಲ್ಲಿದ್ದದ್ದು 2022ರ ಕೊನೆಯಿಂದ ಸುಮಾರು ಒಂದೂವರೆ ವರ್ಷ. ನಮ್ಮ ಟೀಮಿನಲ್ಲಿ ಇಂಥ ಹುಚ್ಚರು ಮೂರು ಜನ. ಒಬ್ಬಾಕೆ ಟೆಸ್ಟರ್, ಒಬ್ಬ ಡೇಟಾಬೇಸ್ ನೋಡಿಕೊಳ್ಳುವವನು, ಇನ್ನೊಬ್ಬರು ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯರು. ಮ್ಯಾನ್‌ಹಟನ್ನಿಗೆ ರೈಲಿನಲ್ಲಿ ಹೋಗಿಬರುವಷ್ಟು ದೂರ. ಹಾಗಾಗಿ ನಮ್ಮ ಊಟದ ಟೇಬಲ್ಲಿನಲ್ಲಿ ಕ್ರಿಕೆಟ್ಟೂ ಇಲ್ಲ, ರಾಜಕೀಯವೂ ಇಲ್ಲ, ಬರೀ ಬ್ರಾಡ್‌ವೇ.

ಬ್ರಾಡ್‌ವೇ ಅಂದ್ರೆ ಒಂದು ರಸ್ತೆ ಮಾತ್ರ ಅಲ್ಲ. 500 ಅಥವಾ ಅದಕ್ಕಿಂತ ಹೆಚ್ಚು ಆಸನಗಳಿರುವ 41 ರಂಗಮಂದಿರಗಳ ಗುಂಪಿಗೆ ಆ ಹೆಸರು. ಹೆಚ್ಚಿನವು ಇರುವುದು ಟೈಮ್ಸ್ ಸ್ಕ್ವೇರ್ ಸುತ್ತಮುತ್ತಲ ಅಡ್ಡರಸ್ತೆಗಳಲ್ಲಿ. ಒಂದು ನಾಟಕ ಸಾಮಾನ್ಯವಾಗಿ ವಾರಕ್ಕೆ 8 ಪ್ರದರ್ಶನ ಕಾಣುತ್ತೆ. ವಾರಕ್ಕೆ ಎಂಟು ಸಲ ಅದೇ ಕುಣಿತ, ಅದೇ ತಾರಸ್ಥಾಯಿ, ಅದೇ ಸಾವು. ಮನುಷ್ಯನ ಗಂಟಲು, ಮೊಣಕಾಲು ಇದನ್ನೆಲ್ಲ ತಡೆದುಕೊಳ್ಳುತ್ತವಾ? ತಡೆದುಕೊಳ್ಳಲ್ಲ. ಅದಕ್ಕೇ ಪ್ರತಿ ನಾಟಕದ ಹಿಂದೆ ಬದಲಿ ಕಲಾವಿದರ ಒಂದು ದೊಡ್ಡ ಸೈನ್ಯವೇ ಇರುತ್ತೆ. ಮೊದಲನೇ ಪ್ರಶ್ನೆ "ಯಾರಿದ್ದರು" ಆಗಿರುವುದು ಇದರಿಂದಲೇ.

ಆ ಸೈನ್ಯದಲ್ಲೂ ದರ್ಜೆಗಳಿವೆ. ಮೇಳದಲ್ಲಿ ದಿನಾ ಕುಣಿಯುತ್ತಾ, ಮುಖ್ಯ ನಟ ಬಾರದ ದಿನ ಆ ಪಾತ್ರಕ್ಕೆ ಏರುವವನು ಅಂಡರ್‌ಸ್ಟಡಿ. ದಿನಾ ವೇದಿಕೆ ಹತ್ತದೆ, ಕರೆ ಬಂದರೆ ಮಾತ್ರ ಬಂದು ಆಡುವವನು ಸ್ಟ್ಯಾಂಡ್‌ಬೈ. ಎಲ್ಲಕ್ಕಿಂತ ಕಷ್ಟದ ಕೆಲಸ ಸ್ವಿಂಗ್‌ನದು. ಮೇಳದಲ್ಲಿ ಹತ್ತು ಜನ ಇದ್ದರೆ ಆ ಹತ್ತೂ ಜನರ ಹೆಜ್ಜೆ, ಸ್ವರ, ಯಾವ ಕಡೆಯಿಂದ ಬರಬೇಕು, ಯಾರ ಕೈಗೆ ಯಾವ ಟೋಪಿ ಕೊಡಬೇಕು, ಎಲ್ಲ ಅವರ ತಲೆಯಲ್ಲಿರಬೇಕು. ಮಧ್ಯಾಹ್ನ ಫೋನ್ ಬಂದರೆ ಸಂಜೆ ಮೂರನೆಯವನಾಗಿ, ನಾಳೆ ಏಳನೆಯವನಾಗಿ ಕುಣಿಯಬೇಕು. ನಾವು ಪ್ರೊಡಕ್ಷನ್ ಸಪೋರ್ಟಿಗೆ ರಾತ್ರಿ ಫೋನ್ ಪಕ್ಕದಲ್ಲಿಟ್ಟುಕೊಂಡು ಮಲಗ್ತೀವಲ್ಲ, ಹಾಗೇ. ಒಂದೇ ವ್ಯತ್ಯಾಸ, ನಮ್ಮ ತಪ್ಪನ್ನು ಸಾವಿರ ಜನ ಕಣ್ಣು ಬಿಟ್ಟುಕೊಂಡು ನೋಡ್ತಾ ಕೂತಿರಲ್ಲ :-)

ಬದಲಿ ಕಲಾವಿದ ಬಂದ ದಿನ ಕಾರ್ಯಕ್ರಮದ ಪುಸ್ತಿಕೆಯೊಳಗೆ, ಅದನ್ನ ಪ್ಲೇಬಿಲ್ ಅಂತಾರೆ, ಒಂದು ಸಣ್ಣ ಚೀಟಿ ಇಟ್ಟಿರುತ್ತಾರೆ: ಇವತ್ತು ಈ ಪಾತ್ರದಲ್ಲಿ ಇಂಥವರು. ಹೆಸರು ನೋಡಿ ಟಿಕೆಟ್ ಕೊಂಡ ಪ್ರವಾಸಿ ಆ ಚೀಟಿ ಕಂಡು ಮುಖ ಸಣ್ಣ ಮಾಡ್ತಾನೆ. ನಮ್ಮ ಟೆಸ್ಟರ್‌ಗೆ ಅದೇ ನಿಧಿ. ಆ ಚೀಟಿಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದಳು. "ತಾರೆಯನ್ನ ಎಲ್ಲರೂ ನೋಡಿರ್ತಾರೆ, ನಾನು ನೋಡಿದ್ದನ್ನ ನೋಡಿದವರು ಅವತ್ತು ಆ ಮನೆಯೊಳಗಿದ್ದವರು ಮಾತ್ರ" ಅನ್ನೋಳು. ಅವಳು ಹೆಚ್ಚು ಸಲ ಹೇಳುತ್ತಿದ್ದ ಕಥೆ 2021ರ ಡಿಸೆಂಬರಿನದು. 2020ರ ಮಾರ್ಚ್ 12ಕ್ಕೆ ಮುಚ್ಚಿದ್ದ ಬ್ರಾಡ್‌ವೇ ತೆರೆದು ಕೆಲವು ತಿಂಗಳಾಗಿತ್ತು, ಮತ್ತೆ ಕೋವಿಡ್ ಅಲೆ. 'ದ ಮ್ಯೂಸಿಕ್ ಮ್ಯಾನ್' ನಾಟಕದ ನಾಯಕಿ ಸಟನ್ ಫಾಸ್ಟರ್‌ಗೆ ಬರಲಾಗಲಿಲ್ಲ. ಕೆಲವೇ ಗಂಟೆಗಳ ತಯಾರಿಯಲ್ಲಿ ಆ ಪಾತ್ರ ಮಾಡಿದ್ದು ಸ್ವಿಂಗ್ ಆಗಿದ್ದ ಕ್ಯಾಥಿ ವೊಯ್ಟ್ಕೊ. ನಾಟಕ ಮುಗಿದ ಮೇಲೆ ನಾಯಕ ಹ್ಯೂ ಜಾಕ್‌ಮನ್ ಅವರನ್ನು ಮುಂದೆ ಕರೆದು, ಬ್ರಾಡ್‌ವೇ ನಿಂತಿರುವುದೇ ಇಂಥವರಿಂದ ಅನ್ನುವ ಅರ್ಥದಲ್ಲಿ ಮಾತಾಡಿದರು. ಆ ದಿನಗಳಲ್ಲಿ ಸ್ವಿಂಗ್‌ಗಳಿಲ್ಲದಿದ್ದರೆ ಎಷ್ಟೋ ನಾಟಕಗಳು ಪರದೆ ಎತ್ತುವ ಹಾಗೇ ಇರಲಿಲ್ಲ.

ಇನ್ನು ನಮ್ಮ ಡೇಟಾಬೇಸಿನವನದು ಬೇರೆಯೇ ಜಾತಿ. ಇವನು ನೋಡಿರುವುದಕ್ಕಿಂತ ಕೇಳಿರುವುದೇ ಜಾಸ್ತಿ. ಒಳನಾಡಿನ ಒಂದು ಸಣ್ಣ ಊರಿನಲ್ಲಿ ಬೆಳೆದವನು, ಅಲ್ಲಿಂದ ನ್ಯೂಯಾರ್ಕಿಗೆ ಕಾರಿನಲ್ಲಿ ಎರಡು ದಿನದ ದಾರಿ. ಹಾಗಾಗಿ ಅವನ ಪಾಲಿಗೆ ನಾಟಕ ಅಂದ್ರೆ ಧ್ವನಿಮುದ್ರಿಕೆ. 1943ರಲ್ಲಿ 'ಓಕ್ಲಹೋಮ' ನಾಟಕದ ಮೂಲ ಕಲಾವಿದರನ್ನೇ ಕೂರಿಸಿ ಡೆಕ್ಕಾ ಕಂಪನಿ ತಟ್ಟೆಗಳನ್ನು ತಂದಿತು, ಅದು ಗೆದ್ದ ಮೇಲೆ ಮುಖ್ಯ ನಾಟಕಗಳಿಗೆಲ್ಲ ಒಂದೊಂದು ಆಲ್ಬಮ್ ಬರುವುದು ರೂಢಿಯಾಯಿತು. ನಾಟಕ ಸತ್ತರೂ ಆಲ್ಬಮ್ ಬದುಕುತ್ತೆ ಅನ್ನುವುದಕ್ಕೆ ಅವನು ಕೊಡುತ್ತಿದ್ದ ಉದಾಹರಣೆ ಸ್ಟೀಫನ್ ಸೋಂಡ್‌ಹೈಮ್ ಅವರ 'ಮೆರಿಲಿ ವಿ ರೋಲ್ ಅಲಾಂಗ್'. 1981ರ ನವೆಂಬರಿನಲ್ಲಿ ಶುರುವಾಗಿ 16 ಪ್ರದರ್ಶನಕ್ಕೇ ಮುಚ್ಚಿಹೋಯಿತು. ಮುಚ್ಚಿದ ಮರುದಿನ ಅದೇ ಹುಡುಗ ಹುಡುಗಿಯರು ಸ್ಟುಡಿಯೋಗೆ ಹೋಗಿ ಹಾಡಿದರು. ಆ ಆಲ್ಬಮ್ಮನ್ನು ನಾಲ್ಕು ದಶಕ ಜನ ಕೇಳುತ್ತಾ ಬಂದರು, ನಾಟಕವನ್ನು ತಿದ್ದಿ ತಿದ್ದಿ ಎಲ್ಲೆಲ್ಲೋ ಆಡಿದರು. 2023ರಲ್ಲಿ ಮತ್ತೆ ಬ್ರಾಡ್‌ವೇಗೆ ಬಂತು, 2024ರಲ್ಲಿ ಅತ್ಯುತ್ತಮ ಮರುಪ್ರಯೋಗ ಅಂತ ಟೋನಿ ಪ್ರಶಸ್ತಿಯನ್ನೂ ಗೆದ್ದಿತು. ಅಷ್ಟು ಹೊತ್ತಿಗೆ ಸೋಂಡ್‌ಹೈಮ್ ತೀರಿಕೊಂಡು ಎರಡೂವರೆ ವರ್ಷವಾಗಿತ್ತು.

ಮಾತು ಹೀಗೆ ಸಾಗಿ ಕೊನೆಗೆ ದುಡ್ಡಿನ ಹತ್ತಿರ ಬಂದು ನಿಲ್ಲುತ್ತೆ, ಯಾಕಂದ್ರೆ ಬ್ರಾಡ್‌ವೇ ಬಡವರ ಆಟವಲ್ಲ. ಅಗ್ಗದ ಟಿಕೆಟ್ ಹಿಡಿಯುವುದೇ ಒಂದು ವಿದ್ಯೆ. ಅವತ್ತಿನ ಉಳಿಕೆ ಟಿಕೆಟ್ ಕಡಿಮೆ ದರಕ್ಕೆ ಮಾರುವ ಟಿ.ಕೆ.ಟಿ.ಎಸ್. ಗೂಡಂಗಡಿ 1973ರಿಂದ ಟೈಮ್ಸ್ ಸ್ಕ್ವೇರಿನಲ್ಲಿದೆ. 1996ರಲ್ಲಿ 'ರೆಂಟ್' ಬಂದಾಗ ಮುಂದಿನ ಎರಡು ಸಾಲುಗಳನ್ನು 20 ಡಾಲರಿಗೆ ಕೊಟ್ಟರು. ಶ್ರೀಮಂತರು ಕೂರುವ ಸಾಲು ಬಡ ಹುಡುಗರಿಗೆ! ಅದನ್ನು ಬರೆದ ಜೊನಾಥನ್ ಲಾರ್ಸನ್ 35ನೇ ವಯಸ್ಸಿಗೆ, ಮೊದಲ ಪೂರ್ವಪ್ರದರ್ಶನದ ದಿನದ ಬೆಳಗಿನ ಜಾವವೇ ತೀರಿಕೊಂಡಿದ್ದ. ಆ ಸಾಲಿಗಾಗಿ ಹುಡುಗರು ರಾತ್ರಿಯೆಲ್ಲಾ ಫುಟ್‌ಪಾತಿನಲ್ಲಿ ಮಲಗುತ್ತಿದ್ದರು. ಕೊನೆಗೆ ಅದನ್ನು ಲಾಟರಿಯಾಗಿ ಬದಲಾಯಿಸಿದರು. 2015ರಲ್ಲಿ 'ಹ್ಯಾಮಿಲ್ಟನ್' 10 ಡಾಲರಿನ ಲಾಟರಿ ತಂದಿದ್ದೂ ಇದೇ ದಾರಿಯಲ್ಲಿ. ನಮ್ಮ ಹಿರಿಯರು ಆ ಫುಟ್‌ಪಾತಿನಲ್ಲಿ ಮಲಗಿದವರಂತೆ. "ಚಳಿ ನೆನಪಿಲ್ಲ, ಪಕ್ಕದಲ್ಲಿ ಮಲಗಿದ್ದವಳು ಇವತ್ತಿಗೂ ನೆನಪಿದ್ದಾಳೆ. ಈಗ ನನ್ನ ಹೆಂಡತಿ" ಅನ್ನೋರು.

ಈ ಮೂವರೂ ನಿಜವಾಗಿ ಜಗಳಕ್ಕೆ ಬೀಳುತ್ತಿದ್ದದ್ದು ಒಂದೇ ವಿಷಯಕ್ಕೆ: ಕದ್ದು ತೆಗೆದ ವಿಡಿಯೋ. ರಂಗಮಂದಿರದಲ್ಲಿ ಕೂತು ಕೋಟಿನ ಮರೆಯಲ್ಲಿ ಕ್ಯಾಮೆರಾ ಹಿಡಿದು ತೆಗೆದದ್ದು ಕೈಯಿಂದ ಕೈಗೆ ಹರಿದಾಡುತ್ತೆ. ಹಿರಿಯರು ಖಡಾಖಂಡಿತ: ಅದು ಕಳ್ಳತನ, ಕಲಾವಿದನ ಅನ್ನ ಕೀಳೋದು, ಪಕ್ಕದವನ ಕಣ್ಣಿಗೆ ಬೆಳಕು ಚುಚ್ಚೋದು. ಡೇಟಾಬೇಸಿನವನು ಒಂದು ದಿನ ಊಟ ಬಿಟ್ಟು ಎದ್ದೇಬಿಟ್ಟ. "ನನ್ನೂರಿಗೆ ಯಾವ ನಾಟಕ ಬರ್ತಿತ್ತು ಹೇಳಿ? ನಾನು ಕದಿಯದೆ ಇದ್ದಿದ್ದರೆ ಇವತ್ತು ನಿಮ್ಮ ಜೊತೆ ಕೂತು ಮಾತಾಡೋಕೆ ನನ್ನ ಹತ್ತಿರ ಏನಿರುತ್ತಿತ್ತು?" ನಮ್ಮ ಟೇಬಲ್ ಎರಡು ದಿನ ಖಾಲಿ.

ನನಗೆ ಇಬ್ಬರ ಮಾತೂ ಸರಿ ಅನ್ನಿಸಿತ್ತು, ಈಗಲೂ ಹಾಗೇ ಅನ್ನಿಸುತ್ತೆ. ಸಕ್ರಮವಾದ ದಾಖಲೆ ಇಲ್ಲವೆಂದಲ್ಲ. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯ 1970ರಿಂದ ನಾಟಕಗಳನ್ನು ಚಿತ್ರೀಕರಿಸಿ ಲಿಂಕನ್ ಸೆಂಟರಿನಲ್ಲಿ ಇಟ್ಟಿದೆ. ಆದರೆ ಅಧ್ಯಯನದ ಕಾರಣ ಹೇಳಿ, ಅಲ್ಲೇ ಹೋಗಿ ಕೂತು ನೋಡಬೇಕು. ದೂರದೂರಿನ ಹುಡುಗನಿಗೆ ಅದೂ ನ್ಯೂಯಾರ್ಕಿನಷ್ಟೇ ದೂರ. 2016ರಲ್ಲಿ ಚಿತ್ರೀಕರಿಸಿದ 'ಹ್ಯಾಮಿಲ್ಟನ್' 2020ರ ಜುಲೈಯಲ್ಲಿ ಮನೆಮನೆಗೆ ಬಂದಂತೆ ಎಲ್ಲ ನಾಟಕಕ್ಕೂ ಆಗಲ್ಲ.

ಅವರು ಮತ್ತೆ ಒಟ್ಟಿಗೆ ಕೂತದ್ದು 'ಫ್ಯಾಂಟಮ್ ಆಫ್ ದಿ ಒಪೇರಾ' ಮುಚ್ಚಿದ ವಾರ. 1988ರ ಜನವರಿ 26ಕ್ಕೆ ಮೆಜೆಸ್ಟಿಕ್ ರಂಗಮಂದಿರದಲ್ಲಿ ಶುರುವಾದದ್ದು 2023ರ ಏಪ್ರಿಲ್ 16ಕ್ಕೆ ನಿಂತಿತು. 13,981 ಪ್ರದರ್ಶನ! ಬೆಂಗಳೂರಿನವನಿಗೆ ಮೆಜೆಸ್ಟಿಕ್ ಅಂದ ತಕ್ಷಣ ಬಸ್ ಸ್ಟ್ಯಾಂಡ್ ನೆನಪಾಗುತ್ತೆ, ಇರಲಿ ಬಿಡಿ. ಅವತ್ತು ಮೂವರೂ ತಾವು ನೋಡಿದ ದಿನಗಳನ್ನು ಲೆಕ್ಕ ಹಾಕಿದರು. ಆ ನಾಟಕದಲ್ಲಿ ನಾಯಕಿ ಕ್ರಿಸ್ಟೀನ್ ಪಾತ್ರ ಎಷ್ಟು ಭಾರ ಅಂದ್ರೆ ವಾರದ ಎಂಟರಲ್ಲಿ ಎರಡು ದಿನ ಇನ್ನೊಬ್ಬಳು ಹಾಡುತ್ತಿದ್ದಳು. ಒಬ್ಬರು ಇವಳನ್ನು ನೋಡಿದ್ದರು, ಇನ್ನೊಬ್ಬರು ಅವಳನ್ನು. 27 ಜನರ ವಾದ್ಯವೃಂದ ಇನ್ನೆಲ್ಲಿ ಸಿಗುತ್ತೆ ಅಂತ ಒಬ್ಬರು, ಗೊಂಚಲು ದೀಪ ಮೊದಲು ಇನ್ನೂ ಜೋರಾಗಿ ಬೀಳುತ್ತಿತ್ತು ಅಂತ ಇನ್ನೊಬ್ಬರು. ಮೂರು ಜನರ ಮಾತು ಸೇರಿದಾಗ ಮೂವತ್ತೈದು ವರ್ಷದ ಒಂದು ನಾಟಕ ಟೇಬಲ್ಲಿನ ಮೇಲೆ ಎದ್ದು ನಿಂತ ಹಾಗಿತ್ತು.

ನನಗೆ ಈ ಧಾಟಿ ಹೊಸದಲ್ಲ. ತುಮಕೂರು ಕಡೆಯ ನಮ್ಮೂರಿನಲ್ಲಿ ಸಂಗೀತ ನಾಟಕ ಅಂದ್ರೆ 'ಕುರುಕ್ಷೇತ್ರ'. ಗುಬ್ಬಿ ಕಂಪನಿಯವರು ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಆಡಿದ ಕುರುಕ್ಷೇತ್ರದ ಗುಂಗು ನಮ್ಮ ಕಡೆ ಇನ್ನೂ ಇಳಿದಿಲ್ಲ. ಊರವರೇ ದುಡ್ಡು ಕೊಟ್ಟು ಪಾರ್ಟು ಹಿಡಿಯುತ್ತಾರೆ, ದುರ್ಯೋಧನನ ಪಾರ್ಟಿಗೆ ರೇಟು ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕೂರಿಸಿಕೊಂಡು ಮಟ್ಟು ಕಲಿಸುತ್ತಾರೆ. ದ್ರೌಪದಿ ಹೊರಗಿನಿಂದ ಬರಬೇಕು. ಕೃಷ್ಣನ ಪಾತ್ರ ಉದ್ದ ಅಂತ ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಹಂಚುತ್ತಾರೆ. ಕಂದಪದ್ಯ ಎಳೆದು ನಿಲ್ಲಿಸಿದರೆ ಶಿಳ್ಳೆ, ಒನ್ಸ್ ಮೋರ್, ಕೊರಳಿಗೆ ನೋಟಿನ ಹಾರ. ಬೆಳಗಿನ ಜಾವ ಗದಾಯುದ್ಧ ಮುಗಿದ ಮೇಲೆ ಟೀ ಅಂಗಡಿ ಮುಂದೆ ಶುರುವಾಗುವ ಮಾತೇನು? "ಭೀಮ ಪರವಾಗಿಲ್ಲ ಕಣೋ. ಆದ್ರೆ ಆ ವರ್ಷದ ಜಾತ್ರೇಲಿ ಶಕುನಿ ಮಾಡಿದ್ನಲ್ಲ ಅವನ ಮುಂದೆ ಇವನ್ಯಾವ ಲೆಕ್ಕ?" ಪೂರಾ ನ್ಯೂಜೆರ್ಸಿ ಟೇಬಲ್!

ಆದರೆ ಒಂದು ದೊಡ್ಡ ಅಂತರವಿದೆ. ಬ್ರಾಡ್‌ವೇಯಲ್ಲಿ 1988ರಲ್ಲಿ ಯಾರು ಯಾವ ಪಾತ್ರ ಮಾಡಿದರು ಅನ್ನುವುದು ಅಚ್ಚಾಗಿ ಉಳಿದಿದೆ. ನಮ್ಮೂರ 1988ರ ಶಕುನಿ ಎಲ್ಲಿದ್ದಾನೆ? ನಮ್ಮ ದೊಡ್ಡಪ್ಪನ ಬಾಯಲ್ಲಿ ಮತ್ತು ಅವರ ಟ್ರಂಕಿನಲ್ಲಿ. ಕೆಂಪು ಹಳದಿ ಕಾಗದದ ನಾಟಕದ ಕರಪತ್ರಗಳನ್ನು ದೊಡ್ಡಪ್ಪ ಎಸೆದೇ ಇಲ್ಲ. ಪಾತ್ರವರ್ಗದ ಪಟ್ಟಿಯಲ್ಲಿ ಕೊನೇ ಗಳಿಗೆಯಲ್ಲಿ ಯಾರಾದರೂ ಬದಲಾಗಿದ್ದರೆ ಹೆಸರು ಹೊಡೆದು ಪಕ್ಕದಲ್ಲಿ ಬಾಲ್‌ಪೆನ್ನಿನಲ್ಲಿ ನಿಜವಾಗಿ ಆಡಿದವನ ಹೆಸರು ಬರೆದಿದ್ದಾರೆ. "ಪ್ರಿಂಟ್ ಆಗಿರೋದು ಬೇರೆ, ಆಡಿದ್ದು ಬೇರೆ. ಆಡಿದವನ ಹೆಸರು ಇರಬೇಕಲ್ವೇನಪ್ಪ?" ಅಂತಾರೆ. ಬಿಸ್ಕತ್ತಿನ ಡಬ್ಬಿಯವಳಿಗೆ ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಕರಪತ್ರದ ಫೋಟೋ ತರಿಸಿಕೊಂಡು, ಒಂದಕ್ಷರ ಓದಲು ಬಾರದಿದ್ದರೂ, ಹೊಡೆದುಹಾಕಿದ ಗೆರೆ ಎಲ್ಲೆಲ್ಲಿದೆ ಅಂತ ಬೆರಳಿಟ್ಟು ನೋಡಿದಳು.

ದೊಡ್ಡಪ್ಪನಿಗೆ ಈಗ ಎಪ್ಪತ್ತೆಂಟು. ಕಿವಿ ಮಂದ, ಮಟ್ಟು ಮಾತ್ರ ಸ್ಪಷ್ಟ. ಹೋದ ಸಲ ಊರಿಗೆ ಹೋದಾಗ ನಲವತ್ತಮೂರು ಕರಪತ್ರಗಳನ್ನು ಸ್ಕ್ಯಾನ್ ಮಾಡಿದೆ, ಪ್ರತಿಯೊಂದಕ್ಕೂ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಯಾರು ಚೆನ್ನಾಗಿ ಹಾಡಿದ, ಯಾರು ಪದ್ಯ ಮರೆತು ಹಾರ್ಮೋನಿಯಂ ಮೇಷ್ಟ್ರ ಮುಖ ನೋಡಿದ, ಯಾವ ಎರಡನೇ ಕೃಷ್ಣ ಒಂದನೇ ಕೃಷ್ಣನನ್ನು ಮೀರಿಸಿದ, ಎಲ್ಲ ಇದೆ. ಇನ್ನೂ ಹದಿನೆಂಟು ಬಾಕಿ ಇವೆ, ದೀಪಾವಳಿಗೆ ಮುಗಿಸಬೇಕು.

ನಿಮ್ಮ ಮನೆಯ ಅಟ್ಟದಲ್ಲೂ ಅಂಥ ಕರಪತ್ರಗಳಿರಬಹುದು, ರದ್ದಿಗೆ ಹಾಕುವ ಮುಂಚೆ ಒಮ್ಮೆ ನೋಡಿ. ಅದನ್ನು ಓದಿ ಹೇಳುವವರು ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂತು ಕೇಳಿ. ಅವರು ರಾತ್ರಿಯಿಡೀ ಹೇಳ್ತಾರೆ, ಕಾಫಿ ಮಾತ್ರ ನೀವೇ ಮಾಡಿಕೊಡಬೇಕು.